ಅದುರದ ತಾಲ್ಲೂಕು

ಸುಣ್ಣದಲ್ಲಿ ಅದ್ದಿದ ಕುಂಚ ಬಿರುಕಿನ ತನಕ ಬಂದು ನಿಂತಿತು. ಕಮಲಾಕ್ಷಮ್ಮ ಇನ್ನೊಂದು ಸಲ ಬಳಿದಳು. ಬಿರುಕು ಸುಣ್ಣ ಕುಡಿದು ಮತ್ತೆ ಬಾಯಿ ಬಿಟ್ಟಿತು. ಅಡಿಗೆಮನೆಯ ತೊಲೆಯಿಂದ ಹೊರಟು, ಗಡಿಗೆ ತೂಗುಹಾಕುವ ನೆಲುವಿನ ಹಿಂದೆ ಹಾದು, ಒಲೆಯ ತನಕ ಇಳಿದಿತ್ತು ಅದು. ನಾಳೆ ಅಮಲ್ದಾರರ ಹೆಂಡತಿ ಅರಿಶಿನ ಕುಂಕುಮಕ್ಕೆ ಬರುತ್ತಾರೆ, ಅಷ್ಟರಲ್ಲಿ ಇದು ಇರಕೂಡದು ಎಂದು ಗಂಡ ಸಂಜೀವಯ್ಯ ಬೆಳಿಗ್ಗೆ ಕಚೇರಿಗೆ ಹೊರಡುವಾಗ ಹೇಳಿ ಹೋಗಿದ್ದ. ಇರಕೂಡದು ಅಂದರೆ ಇರುವುದಿಲ್ಲ. ಗುಮಾಸ್ತನಾದವನಿಗೆ ಲೋಕ ಅಷ್ಟು ಸಸಾರ.

ಹೋದ ಮಾಘದಲ್ಲಿ ನೆಲ ಅದುರಿದಾಗ ಅವಳು ಇಲ್ಲೇ ಅವನಿಗೆ ಅನ್ನ ಬಡಿಸುತ್ತಿದ್ದಳು. ನೆಲುವು ಉಯ್ಯಾಲೆಯ ಹಾಗೆ ತೂಗಿ, ಮೊಸರಿನ ಗಡಿಗೆ ಮಗುಚಿ, ಗೋಡೆ ಸೀಳಿತು. ಅದೇ ಗಳಿಗೆಯಲ್ಲಿ ಹೊಳವನಹಳ್ಳಿ ದಾರಿಯ ಹೊಸ ಛತ್ರದ ಗೋಡೆಯೂ ಬಿತ್ತು. ಅದನ್ನು ಕಟ್ಟಿದವನು ಗಾರೆ ಕೆಲಸದ ಕಾಟಪ್ಪ.

ಆಮೇಲೆ ಬೆಂಗಳೂರಿನಿಂದ ಪ್ರಶ್ನೆಗಳು ಬಂದವು. ದೇಶದ ಯಾವ ಮೂಲೆ ಎಷ್ಟು ಅದುರಿತು ಎಂದು ನಕ್ಷೆ ಮಾಡುತ್ತಾರಂತೆ. ಮುಂದೆ ಮನೆ ಕಟ್ಟುವವರಿಗೆ ಅನುಕೂಲವಂತೆ. ಗಡಿಯಾರ ನಿಂತಿತೇ? ಗೋಡೆಯ ಪಟ ವಾಲಿತೇ? ತೂಗುದೀಪ ಆಡಿತೇ? ಉತ್ತರ ಬರೆಯುವ ಕೆಲಸ ಸಂಜೀವಯ್ಯನ ಪಾಲಿಗೆ ಬಿತ್ತು. ಕಚೇರಿಯ ಗಡಿಯಾರ ನಿಂತು ವರ್ಷಗಳಾಗಿತ್ತು. ಅವತ್ತು ಹೊಸದಾಗಿ ನಿಲ್ಲಲಿಲ್ಲ. ಇಲ್ಲ ಎಂದು ಬರೆದ. ಯಾರ ಮನೆಯಲ್ಲೂ ಪಟವಿಲ್ಲ, ತೂಗುದೀಪವಿಲ್ಲ. ಇಲ್ಲ, ಇಲ್ಲ. ಒಂದೂ ಸುಳ್ಳಲ್ಲ.

ಹೋದ ವಾರ ನಕ್ಷೆ ಅಚ್ಚಾಗಿ ಬಂತು. ಪಾವಗಡಕ್ಕೂ ಶಿರಾಕ್ಕೂ ಬಣ್ಣ ಹಚ್ಚಿದ್ದರು. ಸಂಜೀವಯ್ಯ ಉತ್ತರ ಬರೆದ ಮಧುಗಿರಿ, ಕೊರಟಗೆರೆ ಬೆಳ್ಳಗಿದ್ದವು. ಅದುರಿನ ಗೆರೆ ಎಲ್ಲೆಯ ತನಕ ಬಂದು, ಕೇರಿಯನ್ನು ಬಳಸಿ ಹೋಗುವ ಮಡಿವಂತನ ಹಾಗೆ, ಸುತ್ತಿಕೊಂಡು ಹೋಗಿತ್ತು.

ನೆಲವೇ ಅದುರಲಿಲ್ಲ ಅಂದಮೇಲೆ ಛತ್ರದ ಗೋಡೆ ಬಿದ್ದದ್ದು ಯಾತರಿಂದ? ಗಾರೆಗೆ ಮಣ್ಣು ಬೆರೆಸಿದ ಕಾಟಪ್ಪನಿಂದ. ಸೋಮವಾರ ಅವನ ವಿಚಾರಣೆ. ನಕ್ಷೆಯೇ ಸಾಕ್ಷಿ.

ಹಿತ್ತಲ ಬಾಗಿಲಲ್ಲಿ ಸುಣ್ಣದ ಮಂಕರಿ ಇಳಿಸಿದ ಸದ್ದಾಯಿತು. ಕಾಟಪ್ಪನ ಹೆಂಡತಿ ಮುದ್ದಕ್ಕ. ಹೊಸಿಲಾಚೆಯಿಂದಲೇ ಬಿರುಕನ್ನು ಮೇಲಿಂದ ಕೆಳಗೆ ನೋಡಿದಳು.

"ಇದ್ಯಾರು ಕಟ್ಟಿದ್ ಗ್ವಾಡೆ, ಅಮ್ಮಾವ್ರೆ?"

"ನಮ್ಮ ಮಾವನವರ ಕಾಲದ್ದು."

"ಅಂಗಾರೆ ಅವರೂ ಕಳ್ಳರೇಯಾ ಬುಡಿ."

ಕಮಲಾಕ್ಷಮ್ಮ ಕುಂಚ ಹಿಂಡಿದಳು. ಕಾಟಪ್ಪ ಹೇಗಿದ್ದಾನೆ ಎಂದು ಕೇಳಬಾರದಿತ್ತು, ಕೇಳಿದಳು. ಅವನು ದಾರಿಯಲ್ಲಿ ಕಂಡ ಗೋಡೆಗಳನ್ನೆಲ್ಲ ಉಗುರಲ್ಲಿ ಕೆರೆದು ಮೂಸುತ್ತಾನಂತೆ, ತಾನು ಕಟ್ಟಿದ್ದೋ ಅಲ್ಲವೋ ನೋಡುವುದಿಲ್ಲವಂತೆ.

"ನಾನೇ ಮಣ್ಣು ಬೆರೆಸಿದ್ನೇನೋ ಅಂತಾನೆ ಕಣಮ್ಮ. ನೆಲ ಅದುರಿದ್ದು ಅವನಿಗೇ ಮರ್ತೋಗೈತೆ."

ಕಮಲಾಕ್ಷಮ್ಮನಿಗೂ ಹಾಗೇ ಆಗಿತ್ತು. ಬಿಳಿ ನಕ್ಷೆ ನೋಡಿದ ಮೇಲೆ, ನೆಲುವು ಆಡಿತೋ ತನ್ನ ತಲೆ ತಿರುಗಿತೋ ಎಂದು ಅನುಮಾನ. ಲೋವರ್ ಸೆಕೆಂಡರಿ ಓದಿದವಳು. ಕಂಡದ್ದನ್ನೆಲ್ಲ ಆ ಮಾಘದಲ್ಲೇ ನಕ್ಷೆಯವರಿಗೆ ಕಾಗದ ಬರೆದಿದ್ದಳು. ಅದು ಅಂಚೆಗೆ ಬೀಳದೆ ಜೀರಿಗೆ ಡಬ್ಬಿಯಲ್ಲಿ ವಾಸನೆ ಹಿಡಿದು ಕೂತಿತ್ತು. ಗಂಡ ಇಲ್ಲ ಎಂದದ್ದನ್ನು ಹೆಂಡತಿ ಇದೆ ಎಂದರೆ ಅವನ ನೌಕರಿ ಏನಾಗಬೇಕು?

ಮಧ್ಯಾಹ್ನ ಸಂಜೀವಯ್ಯ ಊಟಕ್ಕೆ ಕೂತ, ಅದೇ ಜಾಗದಲ್ಲಿ, ಅದೇ ನೆಲುವಿನ ಕೆಳಗೆ.

"ಅವತ್ತು ನೆಲುವು ಆಡಿದ್ದು ನೀವೂ ನೋಡಿದಿರಿ," ಎಂದಳು.

"ನೆಲುವಿನ ವಿಷಯ ಅವರು ಕೇಳಿರಲಿಲ್ಲ."

"ಮೊಸರು ನಿಮ್ಮ ಹೆಗಲ ಮೇಲೇ ಚೆಲ್ಲಿತು."

"ಮೊಸರನ್ನೂ ಕೇಳಿರಲಿಲ್ಲ. ಸಾರು ಬಡಿಸು."

ಬಡಿಸಿದಳು. ಅವನು ಕಲಸಿಕೊಳ್ಳುತ್ತ ತಲೆ ಎತ್ತಿದ. "ಇನ್ನೊಂದು ಕೈ ಬಳಿ. ಕಾಣುತ್ತೆ."

"ಏನು ಕಾಣುತ್ತೆ?"

ತುತ್ತು ಹಿಡಿದ ಅವನ ಕೈ ಒಂದು ಕ್ಷಣ ನಿಂತು, ಮತ್ತೆ ಬಾಯಿಗೆ ಹೋಯಿತು.

ಅವನು ಕಚೇರಿಗೆ ಮರಳಿದ ಮೇಲೆ ಅವಳು ಮತ್ತೆ ಸುಣ್ಣದ ಕುಂಚ ಹಿಡಿದಳು. ಬಿರುಕಿನ ಅರ್ಧಕ್ಕೇ ಬಿಟ್ಟು ಜೀರಿಗೆ ಡಬ್ಬಿಗೆ ಕೈ ಹಾಕಿದಳು. ಸುಣ್ಣದ ಕೈ ತೊಳೆಯಲಿಲ್ಲ. ತೊಳೆಯಲು ನಿಂತರೆ ಹೋಗಲಾರೆ ಎಂದು ಗೊತ್ತಿತ್ತು.

ಬಿಸಿಲು ಬೀದಿಯನ್ನು ನುಂಗಿತ್ತು. ದಾರಿಯ ಪಕ್ಕದಲ್ಲಿ ಮಾಸ್ತಿಕಲ್ಲು: ಗಂಡನ ಚಿತೆ ಏರಿದ ಯಾವಳದೋ ತೋಳು, ಬಳೆ ಸಮೇತ, ಕಲ್ಲಿನಿಂದ ಮೇಲೆದ್ದಿತ್ತು. ಅವಳ ಹೆಸರು ಊರಲ್ಲಿ ಯಾರಿಗೂ ಗೊತ್ತಿಲ್ಲ. ಅವಳನ್ನೂ ಯಾರೂ ಏನೂ ಕೇಳಿರಲಿಲ್ಲ.

ಅಂಚೆ ಡಬ್ಬಿಯ ಬಾಯಿಗೆ ಕಾಗದ ಹಿಡಿದಳು. ಸೋಮವಾರದೊಳಗೆ ಯಾರಾದರೂ ಒಡೆದು ಓದಿಯಾರೇ? ನೆಲುವು ಎಂದರೆ ಏನೆಂದು ಅವರಿಗೆ ಗೊತ್ತೇ? ಬಿಟ್ಟಳು.

ಬಿದ್ದ ಸದ್ದು ಕೇಳಲಿಲ್ಲ. ಒಳಗೆ ಏನಾದರೂ ಅದುರೀತೇ ಎಂದು ಡಬ್ಬಿಗೆ ಅಂಗೈ ಒತ್ತಿ ನಿಂತಳು. ಕಬ್ಬಿಣ ಬಿಸಿಲಿಗೆ ಕಾದಿತ್ತು, ಅಷ್ಟೆ. ಕೈ ತೆಗೆದಾಗ ಕೆಂಪಿನ ಮೇಲೆ ಒಂದು ಬಿಳಿಯ ಹಸ್ತ ಎದ್ದು ನಿಂತಿತ್ತು, ಬಳೆಯಿಲ್ಲದ್ದು.