ಶೇಷಾದ್ರಿಗಳ ಮನೆಯ ಕಾಗದದ ತಟ್ಟೆ

ಮೇರಿಲ್ಯಾಂಡಿನ ಕೊಲಂಬಿಯಾದಲ್ಲಿರುವ ಶೇಷಾದ್ರಿಗಳ ಮನೆಯಲ್ಲಿ ಭಾನುವಾರ ಬೆಳಗಾಯಿತೆಂದರೆ ಮೊದಲು ಕೂಗುವುದು ಹೊಗೆಯ ಅಲಾರಂ. ಸೊಸೆ ಮೈಥಿಲಿ ಒಗ್ಗರಣೆಗೆ ಮೆಣಸಿನಕಾಯಿ ಹಾಕಿರುತ್ತಾಳೆ. ಮಗ ಗುರುದತ್ ಟವೆಲ್ ಬೀಸುತ್ತ ಕುರ್ಚಿ ಹತ್ತುತ್ತಾನೆ. ಮೊಮ್ಮಗಳು ಚೈತನ್ಯಾ ಕಿವಿ ಮುಚ್ಚಿಕೊಂಡು ಮೆಟ್ಟಿಲಿಳಿದು ಬರುತ್ತಾಳೆ. ಕಿಟಕಿ ಪಕ್ಕದಲ್ಲಿ ಕೂತ ಶೇಷಾದ್ರಿಗಳು ಮಾತ್ರ ಸ್ಟೀಲ್ ಲೋಟದ ಕಾಫಿಯನ್ನು ನಿಧಾನವಾಗಿ ಮುಗಿಸುತ್ತಾರೆ. ನೋಡಿದವರಿಗೆ ಇದೊಂದು ಸುಖೀ ಸಂಸಾರ, ಸುಳ್ಳೇನಲ್ಲ.

ಶೇಷಾದ್ರಿಗಳು ಮೈಸೂರಿನ ಕಾಲೇಜೊಂದರಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಅವರನ್ನು ಹಳೇ ಕಾಲದ ಮಡಿವಂತ ಎಂದು ಯಾರಾದರೂ ತಳ್ಳಿಹಾಕಿದರೆ ನನಗೇ ಸಿಟ್ಟು ಬರುತ್ತದೆ. ಚಿಕ್ಕ ವಯಸ್ಸಿಗೆ ಗಂಡನನ್ನು ಕಳೆದುಕೊಂಡ ತಂಗಿಗೆ, ನೆಂಟರೆಲ್ಲ ಬಾಯಿಗೆ ಬಂದಂತೆ ಬೈಯುತ್ತಿದ್ದರೂ, ಮತ್ತೆ ಮದುವೆ ಮಾಡಿಸಿದರು. ಮಗನ ಮದುವೆಯಲ್ಲಿ ವರದಕ್ಷಿಣೆಯ ಮಾತೆತ್ತಿದ ಸ್ವಂತ ಭಾವಮೈದುನನನ್ನು ಛತ್ರದಿಂದ ಎಬ್ಬಿಸಿ ಕಳಿಸಿದರು. ಹಳ್ಳಿಯ ಹೆಣ್ಣುಮಕ್ಕಳಿಗೆಂದು ಹಾಸ್ಟೆಲ್ ತೆರೆದು ಎಲ್ಲ ಜಾತಿಯವರನ್ನೂ ಸೇರಿಸಿಕೊಂಡರು. ಆ ಹಾಸ್ಟೆಲಿನಲ್ಲಿ ಊಟದ ಪಂಕ್ತಿ ಮಾತ್ರ ಎರಡಿತ್ತು. ಯಾಕೆ ಎಂದು ಯಾರೂ ಕೇಳಲಿಲ್ಲ. ಹೊಟ್ಟೆ ತುಂಬುತ್ತಿತ್ತಲ್ಲ, ಅದೇ ದೊಡ್ಡದಾಗಿತ್ತು.

ಎರಡನೇ ಪಂಕ್ತಿಯಲ್ಲಿ ಉಂಡು ಬೆಳೆದವಳು ನೀಲಗಂಗಾ. ನಂಜನಗೂಡಿನ ಕಡೆಯ ದಲಿತ ಕೇರಿಯ ಹುಡುಗಿ. ಈಗ ವಾಷಿಂಗ್ಟನ್ನಿನ ಒಂದು ಸರ್ಕಾರಿ ಕಚೇರಿಯಲ್ಲಿ ಅಂಕಿ-ಅಂಶದ ಕೆಲಸ. ಗಂಡನಿಗೆ ಅಟ್ಲಾಂಟಾದಲ್ಲಿ ಉದ್ಯೋಗ, ಬಿಡುವಾದಾಗ ಬಂದು ಹೋಗುತ್ತಾನೆ. ಮಗಳು ಶ್ರೀದೇವಿ, ಚೈತನ್ಯಾಳ ಜೊತೆ ಒಂದೇ ಕ್ಲಾಸಿನಲ್ಲಿ ಓದುವವಳು, ಅವಳ ಜೀವದ ಗೆಳತಿ. ಶೇಷಾದ್ರಿಗಳು ಅಮೆರಿಕಕ್ಕೆ ಬಂದು ನೆಲೆಸಿದ ಮೇಲೆ ನೀಲಗಂಗಾ ತಪ್ಪದೆ ಬಂದು ಅವರ ಕಾಲಿಗೆ ನಮಸ್ಕರಿಸುತ್ತಿದ್ದಳು. ಅವರೂ ಬಂದವರಿಗೆಲ್ಲ "ಇವಳು ನನ್ನ ನೀಲಾ, ನಮ್ಮ ಹಾಸ್ಟೆಲ್ಲಿನ ಹುಡುಗಿ" ಎಂದು ಹೆಮ್ಮೆಯಿಂದ ಪರಿಚಯಿಸುತ್ತಿದ್ದರು. ಆ ಹೆಮ್ಮೆಯಲ್ಲಿ ಕಪಟವಿರಲಿಲ್ಲ.

ಆದರೆ ಅವಳು ಬಂದಾಗ ಊಟ ಬರುತ್ತಿದ್ದುದು ಕಾಗದದ ತಟ್ಟೆಯಲ್ಲಿ.

ಕೋವಿಡ್ ಬಂದ ವರ್ಷ ಎಲ್ಲರ ಮನೆಯಲ್ಲೂ ಅದೇ ಆಗಿತ್ತು. ಬಂದವರನ್ನು ಹಿತ್ತಿಲ ಕಡೆಯ ಮರದ ಜಗಲಿ, ಅಂದರೆ ಡೆಕ್ಕಿನ ಮೇಲೆ ದೂರ ದೂರ ಕೂರಿಸಿ, ಪೇಪರ್ ಪ್ಲೇಟಿನಲ್ಲಿ ಬಡಿಸುವುದು. ಕಾಯಿಲೆಯ ಭಯ ಕಳೆಯಿತು, ಮಾಸ್ಕುಗಳು ಡ್ರಾಯರ್ ಸೇರಿದವು, ಉಳಿದ ಅತಿಥಿಗಳು ಒಬ್ಬೊಬ್ಬರಾಗಿ ಒಳಗಿನ ಟೇಬಲ್ಲಿಗೂ ಸ್ಟೀಲ್ ತಟ್ಟೆಗೂ ಮರಳಿದರು. ಡೆಕ್ಕಿನ ಮೇಲೆ ಉಳಿದವರು ತಾಯಿ ಮಗಳು ಇಬ್ಬರೇ. "ಅವರಿಗೆ ಗಾರ್ಡನ್ ಇಷ್ಟ" ಎಂದು ಮೈಥಿಲಿ ಹೇಳುತ್ತಿದ್ದಳು. ಬಿಸಾಡುವ ತಟ್ಟೆಯಲ್ಲಿ ಬಡಿಸುವುದು ಈ ದೇಶದಲ್ಲಿ ಯಾರ ಕಣ್ಣಿಗೂ ಬೀಳದ ಸಂಗತಿ. ನಮ್ಮ ಹಳೆಯ ಕೊಳಕಿಗೆ ಇಷ್ಟು ಒಳ್ಳೆಯ ಮರೆ ಊರಿನಲ್ಲೂ ಸಿಕ್ಕಿರಲಿಲ್ಲ.

ಉಳಿದವರು ಒಳಗೆ ಕೂತ ಮೊದಲ ದಿನವೇ ನೀಲಗಂಗಾಳಿಗೆ ಇದು ಗೊತ್ತಾಗಿತ್ತು. ಓದಿಸಿದ ಗುರುಗಳು ಎಂದು ನುಂಗಿಕೊಂಡಳು. ಮಗಳಿಗೆ ಹೇಳಲಿಲ್ಲ. ಮಗಳಿಗೆ ಗೊತ್ತಾಗಬಾರದು ಎನ್ನುವುದೊಂದೇ ಅವಳ ಚಿಂತೆಯಾಗಿತ್ತು, ಏಕೆಂದರೆ ಶ್ರೀದೇವಿಗೆ ಶೇಷಾದ್ರಿಗಳೆಂದರೆ ಪ್ರಾಣ. ತನ್ನ ಸ್ವಂತ ಅಜ್ಜನನ್ನು ಕಾಣದ ಮಗು ಅವರನ್ನೇ ತಾತ ಎನ್ನುತ್ತಿತ್ತು.

ಆ ವಸಂತದಲ್ಲಿ ಹುಡುಗಿಯರಿಬ್ಬರಿಗೂ ಸ್ಕೂಲಿನಿಂದ ಒಂದು ಹಿಸ್ಟರಿ ಪ್ರಾಜೆಕ್ಟ್ ಬಂತು. ಅವರು ಆರಿಸಿಕೊಂಡದ್ದು ಮೊದಲ ಮಹಾಯುದ್ಧದ ಕಾಲದ ಅಮೆರಿಕದ ಅಧ್ಯಕ್ಷ ವುಡ್ರೋ ವಿಲ್ಸನ್. ತಾತನ ಉತ್ಸಾಹ ಹೇಳತೀರದು.

"ಶಾಂತಿಗೆ ಅಂತ ಅವನು ಕೊಟ್ಟ ಹದಿನಾಲ್ಕು ಅಂಶಗಳನ್ನ ನಾನು ಎಷ್ಟು ಬ್ಯಾಚಿಗೆ ಪಾಠ ಮಾಡಿದೀನಿ ಗೊತ್ತಾ? ನಡೀರಿ, ಅವನ ಮನೆ ನೋಡ್ಕೊಂಡೇ ಬರೋಣ" ಎಂದು ಹೊರಡಿಸಿದರು. ಗುರುದತ್ ಕಾರು ತೆಗೆದ. ವಾಷಿಂಗ್ಟನ್ನಿನಲ್ಲಿ ವಿಲ್ಸನ್ ಕೊನೆಗಾಲ ಕಳೆದ ಆ ಮನೆಯ ಪುಸ್ತಕದ ಕೋಣೆಯಲ್ಲಿ ಶೇಷಾದ್ರಿಗಳು ಕೈಕಟ್ಟಿ ನಿಂತು, ರೈಲ್ವೆ ಕಾರ್ಮಿಕರಿಗೆ ಎಂಟು ಗಂಟೆಯ ಕೆಲಸ, ಮಕ್ಕಳ ದುಡಿಮೆಗೆ ತಡೆ, ಹೆಂಗಸರ ಮತದಾನಕ್ಕೆ ಕೊನೆಗಾದರೂ ಕೊಟ್ಟ ಬೆಂಬಲ, ದೇಶದೇಶಗಳ ನಡುವೆ ಶಾಂತಿಯ ಕನಸು ಎಂದು ಒಂದೊಂದನ್ನೇ ಹೇಳಿದರು. ಅಂದು ಅವರು ಪಾಠ ಹೇಳಿದ ರೀತಿಗೆ ಹುಡುಗಿಯರು ಮೊಬೈಲು ಮುಟ್ಟಲಿಲ್ಲ.

ವಾಪಸಾಗುವಾಗ ಕಾರಿನಲ್ಲಿ ಚೈತನ್ಯಾ ತಾನು ಹುಡುಕಿದ್ದನ್ನು ಓದತೊಡಗಿದಳು.

"ತಾತ, ಆದ್ರೆ ಇದು ಕೇಳಿ. ಅವನು ಪ್ರೆಸಿಡೆಂಟ್ ಆದ್ಮೇಲೆ ಗವರ್ನ್‌ಮೆಂಟ್ ಆಫೀಸಲ್ಲಿ ಬ್ಲ್ಯಾಕ್ ವರ್ಕರ್ಸ್‌ನ ಸೆಪರೇಟ್ ಮಾಡಿದ್ರು. ಡೆಸ್ಕ್ ಸುತ್ತ ಸ್ಕ್ರೀನ್ ಹಾಕಿದ್ರು. ಲಂಚ್ ರೂಮ್ ಬೇರೆ, ಬಾತ್‌ರೂಮ್ ಬೇರೆ. ಬ್ಲ್ಯಾಕ್ ಲೀಡರ್ಸ್ ಹೋಗಿ ಕೇಳಿದಾಗ ಏನಂದ ಗೊತ್ತಾ? ಇದು ಅವಮಾನ ಅಲ್ಲ, ನಿಮಗೇ ಬೆನಿಫಿಟ್ಟು, ನೀವೂ ಹಾಗೇ ಅಂದ್ಕೋಬೇಕು ಅಂತ."

"ಛೆ!" ಎಂದರು ಶೇಷಾದ್ರಿಗಳು. ನಿಜವಾಗಿಯೂ ಅವರಿಗೆ ನೋವಾಗಿತ್ತು. "ಅಷ್ಟು ಓದಿದವನ ಬಾಯಲ್ಲಿ ಎಂಥ ಮಾತು. ಪಾಠ ಮಾಡೋವಾಗ ಇದನ್ನೆಲ್ಲ ನಮಗೆ ಯಾರೂ ಹೇಳಲಿಲ್ಲ ನೋಡು."

ಹಿಂದಿನ ಸೀಟಿನಿಂದ ಶ್ರೀದೇವಿ ಕೇಳಿದಳು. "ಆ ಬೇರೆ ಲಂಚ್ ರೂಮಲ್ಲಿ ಕೂತವ್ರಿಗೆ ಹೇಗೆ ಅನ್ಸಿರತ್ತೆ ತಾತ?"

"ತುತ್ತು ಗಂಟಲಲ್ಲಿ ಇಳಿದಿರಲ್ಲ ಮಗು" ಎಂದರು ತಾತ.

ಮನೆ ತಲುಪಿದಾಗ ನೀಲಗಂಗಾ ಮಗಳನ್ನು ಕರೆದೊಯ್ಯಲು ಬಂದು ಡೆಕ್ಕಿನ ಮೇಲೆ ಕೂತಿದ್ದಳು. ಬಾಯಾರಿದ್ದ ಶ್ರೀದೇವಿ ನೇರವಾಗಿ ಅಡುಗೆಮನೆಗೆ ಹೋಗಿ, ಕೈಗೆ ಸಿಕ್ಕ ಸ್ಟೀಲ್ ಲೋಟದಲ್ಲಿ ನೀರು ಹಿಡಿದು, ಕಚ್ಚಿಕೊಂಡು ಗಟಗಟ ಕುಡಿದಳು. ಶೇಷಾದ್ರಿಗಳು ನೋಡಿದರು. ತಾಯಿ ಮಗಳ ಕಾರು ತಿರುವು ದಾಟಿದ ಮೇಲೆ ಸೊಸೆಯನ್ನು ಕರೆದರು.

"ಮೈಥಿಲಿ, ಆ ಲೋಟ..."

"ಡಿಶ್‌ವಾಶರ್‌ಗೆ ಹಾಕ್ತೀನಿ ಮಾವ. ಅಷ್ಟು ಬಿಸಿನೀರಲ್ಲಿ ತೊಳೆಯತ್ತೆ."

"ಬೇಡಮ್ಮ. ಗ್ಯಾರೇಜಲ್ಲಿಟ್ಟುಬಿಡು."

ಮಾರನೆಯ ದಿನ ಸೈಕಲ್ ಪಂಪು ಹುಡುಕಲು ಹೋದ ಚೈತನ್ಯಾಳಿಗೆ ಹಿಮ ಎತ್ತುವ ಸಲಿಕೆಯ ಪಕ್ಕದಲ್ಲಿ ಆ ಲೋಟ ಕಂಡಿತು. ತಂದು ತಾಯಿಯ ಮುಂದೆ ಇಟ್ಟಳು. ಮೈಥಿಲಿ ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ.

"ಇದು ಯಾಕೆ ಅಲ್ಲಿತ್ತು ಅಮ್ಮ?"

"ತಾತನ ಕಾಲದ ಪದ್ಧತಿ ಚಿನ್ನಿ. ಅವರಿಗೆ ದ್ವೇಷ ಏನಿಲ್ಲ. ನೀಲಗಂಗಾ ಆಂಟೀನ ಎಷ್ಟು ಇಷ್ಟಪಡ್ತಾರೆ ನೋಡಿದೀಯಲ್ಲ? ಅವರಿರೋವರೆಗೆ ನಾವು ಅಡ್ಜಸ್ಟ್ ಮಾಡ್ಕೋಬೇಕು."

"ನಾವೆಲ್ಲಿ ಅಡ್ಜಸ್ಟ್ ಮಾಡ್ಕೋತಿದೀವಿ? ಶ್ರೀದೇವಿ ಮಾಡ್ಕೋತಿದಾಳೆ. ಶೀ ಡಸಂಟ್ ಈವನ್ ನೋ."

ಮೈಥಿಲಿ ಕಣ್ಣೊರೆಸಿಕೊಂಡಳು, ಈರುಳ್ಳಿಗೋ ಏನೋ. ಮನೆಯಲ್ಲಿ ರಾದ್ಧಾಂತ ಬೇಡ ಎಂದು ಬಾಯಿ ಮುಚ್ಚಿಕೊಂಡ ಹೆಂಗಸರ ಕೈಯಿಂದಲೇ ಈ ಪದ್ಧತಿ ಇಷ್ಟು ದೂರ, ಸಮುದ್ರ ದಾಟಿ ಬಂದಿದೆ. ಹೇಳಲು ನನಗೆ ಸಂಕಟವಾಗುತ್ತದೆ, ಆದರೂ ಹೇಳುತ್ತೇನೆ.

ಜೂನಿನಲ್ಲಿ ಶೇಷಾದ್ರಿಗಳ ಸಹಸ್ರಚಂದ್ರ ದರ್ಶನ ಶಾಂತಿ. ಬೇಸ್‌ಮೆಂಟಿನಲ್ಲಿ ಹೋಮ ಬೇಡ, ಅಲಾರಂ ಕೂಗುತ್ತದೆ ಎಂದು ಅದನ್ನು ದೇವಸ್ಥಾನದಲ್ಲೇ ಮುಗಿಸಿ, ಊಟಕ್ಕೆ ಎಲ್ಲರೂ ಮನೆಗೆ ಬಂದರು. ಅಂಗಡಿಯಿಂದ ತಂದ ಬಾಳೆಲೆಗಳನ್ನು ಬೇಸ್‌ಮೆಂಟಿನಲ್ಲಿ ಸಾಲಾಗಿ ಹಾಸಿದ್ದರು. ಊಟವಾದ ಮೇಲೆ ಸನ್ಮಾನ. ಮುಖ್ಯ ಮಾತು ನೀಲಗಂಗಾಳದು. ರೇಷ್ಮೆ ಸೀರೆಯುಟ್ಟು ಬಂದ ಅವಳನ್ನು ಗುರುದತ್ ಬಾಗಿಲಲ್ಲೇ ಎದುರುಗೊಂಡ.

"ಬನ್ನಿ ಬನ್ನಿ. ನಿಮಗೆ ಡೆಕ್ ಮೇಲೆ ಅರೇಂಜ್ ಮಾಡಿದೀವಿ. ಕೆಳಗೆ ಸಿಕ್ಕಾಪಟ್ಟೆ ರಶ್ಶು."

ಡೆಕ್ಕಿನ ಮೇಲೆ ಸಣ್ಣ ಟೇಬಲ್ಲು, ಎರಡು ಕುರ್ಚಿ, ಹಾರಿಹೋಗದಂತೆ ಸೌಟು ಹೇರಿದ ಎರಡು ಕಾಗದದ ತಟ್ಟೆ. ನೀಲಗಂಗಾ ಎಂದಿನಂತೆ ಹೋಗಿ ಕೂರುತ್ತಿದ್ದಳೇನೋ. ಆದರೆ ಅಷ್ಟರಲ್ಲಿ ಶ್ರೀದೇವಿ ಮೆಟ್ಟಿಲಿಳಿದು ಓಡಿ, ಚೈತನ್ಯಾಳ ಪಕ್ಕದ ಖಾಲಿ ಎಲೆಯ ಮುಂದೆ ಕೂತುಬಿಟ್ಟಿದ್ದಳು. ಪಂಕ್ತಿಯವರೆಲ್ಲ ತಿರುಗಿ ನೋಡಿದರು. ಪಾಯಸದ ಪಾತ್ರೆ ಹಿಡಿದ ಮೈಥಿಲಿ ನಿಂತಲ್ಲೇ ನಿಂತಳು. ಹೊಸ ಶಲ್ಯ ಹೊದ್ದ ಶೇಷಾದ್ರಿಗಳು ಎದ್ದು ಬಂದು ಮೆಲ್ಲಗೆ ಹೇಳಿದರು.

"ಮಗು, ನಿನಗೆ ಮೇಲೆ ಹಾಕಿದೆ, ಅಮ್ಮನ ಜೊತೆ."

"ಯಾಕೆ ತಾತ? ಇಲ್ಲಿ ಎಲೆ ಇದೆ ಅಲ್ವಾ?"

ತಾತ ತಲೆಯೆತ್ತಿದರು. ಮೆಟ್ಟಿಲ ಮೇಲೆ ನೀಲಗಂಗಾ ನಿಂತಿದ್ದಳು.

"ನೀಲಾ, ನೀನಾದರೂ ಹೇಳಮ್ಮ. ಹತ್ತು ಜನ ಹತ್ತು ಥರ ನೋಡ್ತಾರೆ. ನಿಮಗೆ ಮುಜುಗರ ಆಗಬಾರದು ಅಂತಲೇ ಬೇರೆ ವ್ಯವಸ್ಥೆ ಮಾಡಿಸಿದ್ದು. ಇದು ಅವಮಾನ ಅಲ್ಲ, ನಿಮಗೇ ಅನುಕೂಲ."

ಚೈತನ್ಯಾ ಎದ್ದು ನಿಂತಳು.

"ತಾತ, ಇದು ಅವನ ಮಾತು. ಕಾರಲ್ಲಿ ನಾನು ಓದಿದೆ, ನೀವು ಛೆ ಅಂದ್ರಿ. ಸೇಮ್ ಮಾತು ಈಗ ನೀವು ಹೇಳಿದ್ರಿ."

ಶೇಷಾದ್ರಿಗಳ ಮುಖ ಕೆಂಪಾಯಿತು. "ನೀನು ಚಿಕ್ಕವಳು, ಸುಮ್ನಿರು. ನಾನು ಇವಳನ್ನ ಕೇರಿಯಿಂದ ಕರ್ಕೊಂಡು ಬಂದು ಓದಿಸಿದವನು. ಆಗ ನನ್ನ ಮನೆಗೇ ಬಹಿಷ್ಕಾರ ಹಾಕಿದ್ರು, ಗೊತ್ತಾ? ಅದೆಲ್ಲ ಏನೂ ಅಲ್ವಾ ನೀಲಾ? ಒಂದು ಎಲೆ ದೊಡ್ಡದಾಯ್ತಾ?"

ನೀಲಗಂಗಾ ಕೆಳಗಿಳಿದು ಬಂದು ಮಗಳ ಭುಜದ ಮೇಲೆ ಕೈಯಿಟ್ಟಳು.

"ಅದು ಏನೂ ಅಲ್ಲ ಅಂತ ಯಾರಂದ್ರು ಸರ್? ನನಗೆ ಅಕ್ಷರ ಕೊಟ್ಟಿದ್ದು ನೀವು. ಸಾಯೋವರೆಗೂ ಮರೆಯಲ್ಲ. ಎಲೆ ಕೊಡಲಿಲ್ಲ, ಅದನ್ನೂ ಮರೆಯೋಕಾಗಲ್ಲ. ಒಂದು ಇನ್ನೊಂದನ್ನ ಅಳಿಸಿಹಾಕಲ್ಲ ಸರ್. ನನಗೆ ಬೇರೆ ಕೂತು ಅಭ್ಯಾಸ ಆಗಿತ್ತು. ಇವಳಿಗೆ ಆ ಅಭ್ಯಾಸ ಮಾಡಿಸೋಕೆ ನನ್ನಿಂದಾಗಲ್ಲ. ಇವತ್ತಿನ ಭಾಷಣಾನೂ ಆಗಲ್ಲ. ಕ್ಷಮಿಸಿ."

ಎಂದವಳು ಅಭ್ಯಾಸಬಲದಿಂದ ಬಾಗಿ ಅವರ ಪಾದ ಮುಟ್ಟಿ, ಮಗಳ ಕೈಹಿಡಿದು ಹೊರಟಳು. ಚೈತನ್ಯಾ ಅವರ ಹಿಂದೆಯೇ ನಡೆದಳು. "ಏಯ್, ಎಲ್ಲಿಗೆ?" ಎಂದು ಗುರುದತ್ ಗದರಿದ. ಪಾಯಸದ ಪಾತ್ರೆಯನ್ನು ನೆಲಕ್ಕಿಟ್ಟು ಮೈಥಿಲಿ, ಮದುವೆಯಾದ ಮೇಲೆ ಮೊದಲ ಸಲ ಮಾವನ ಎದುರು ದನಿ ಎತ್ತಿ, "ಹೋಗ್ಲಿ ಬಿಡಿ. ಹೋಗಿ ಬಾ ಚಿನ್ನಿ" ಎಂದಳು.

ಮೂವರೂ ನೀಲಗಂಗಾಳ ಕಾರಿನಲ್ಲಿ ಹೊರಟರು. ಅವಳ ಮನೆಯ ಮುಂದೆ ಇಂಜಿನ್ ಆರಿಸಿದ ಮೇಲೆ ಶ್ರೀದೇವಿ ಮೆಲ್ಲಗೆ ಕೇಳಿದಳು.

"ಇಷ್ಟು ದಿನ ಪೇಪರ್ ಪ್ಲೇಟ್ ಇದಕ್ಕೇನಾ ಅಮ್ಮ? ನಿಂಗೆ ಗೊತ್ತಿತ್ತಾ?"

"ಹೂಂ."

"ನಾನು ಅವರನ್ನ ತಾತ ಅಂತಿದ್ದೆ" ಎಂದು ಶ್ರೀದೇವಿ ಬಿಕ್ಕಿದಳು. ಓದುಗರೇ, ಆ ಮಗುವಿನ ಅಳುವನ್ನು ಬರೆಯುವ ಶಕ್ತಿ ನನಗಿಲ್ಲ. ಆಚಾರ, ಪದ್ಧತಿ, ಹಿರಿಯರ ಮನಸ್ಸು ಎಂದು ಸಮಾಧಾನ ಹೇಳುವವರು ಆ ಕಾರಿನೊಳಗೆ ಒಂದು ಗಳಿಗೆ ಕೂತಿರಬೇಕಾಗಿತ್ತು.

ಒಳಗೆ ಬಂದು ಚೈತನ್ಯಾ, "ಆಂಟಿ, ನೀರು" ಎಂದಳು. ನೀಲಗಂಗಾಳ ಕೈ ತಾನಾಗಿ ಮೇಲಿನ ಶೆಲ್ಫಿಗೆ ಹೋಯಿತು. ಅಲ್ಲಿ ಕಾಗದದ ಲೋಟಗಳ ಕಟ್ಟು ಇತ್ತು. ಶೇಷಾದ್ರಿಗಳ ಮನೆಯವರು ಎಂದಾದರೂ ಬಂದರೆ ತನ್ನ ಮನೆಯ ಲೋಟ ಮುಟ್ಟಲು ಅವರಿಗೆ ಇರುಸುಮುರುಸಾದೀತೆಂದು ಅವಳೇ ತಂದಿಟ್ಟದ್ದು. ಒಂದನ್ನು ಎಳೆದೂ ಬಿಟ್ಟಿದ್ದಳು. ಕೈಯಲ್ಲಿದ್ದುದನ್ನು ನೋಡಿಕೊಂಡಳು. ಪಂಕ್ತಿಯಲ್ಲಿ ಬೇರೆ ಕೂರಿಸಿದ್ದಷ್ಟೇ ಅಲ್ಲ, ತನ್ನ ಅಡುಗೆಮನೆಯಲ್ಲೂ ತನ್ನನ್ನು ತಾನೇ ಬೇರೆ ಇಟ್ಟುಕೊಳ್ಳುವಂತೆ ಮಾಡಿದ್ದರು. ಅವಳು ಅದನ್ನು ಮುದುರಿ ಕಸಕ್ಕೆ ಹಾಕಿ, ಕಟ್ಟನ್ನೂ ಅದರ ಹಿಂದೆಯೇ ಹಾಕಿ, ಸ್ಟೀಲ್ ಲೋಟದಲ್ಲಿ ನೀರು ತಂದುಕೊಟ್ಟಳು. ಚೈತನ್ಯಾ ಕಚ್ಚಿಕೊಂಡೇ ಕುಡಿದಳು.

ಮೂವರೂ ಅನ್ನ ಸಾರು ಬಡಿಸಿಕೊಂಡು ಕೂತಾಗ ಫೋನ್ ಬಂತು. ಶೇಷಾದ್ರಿಗಳೇ.

"ನೀಲಾ, ಚೈತನ್ಯಾ ಅಲ್ಲಿದಾಳಾ?"

"ಇದಾಳೆ ಸರ್. ಊಟ ಮಾಡ್ತಿದಾಳೆ, ನಮ್ಮ ತಟ್ಟೇಲಿ."

ಆ ಕಡೆ ಕುರ್ಚಿ ಎಳೆದ ಸದ್ದಾಯಿತು. ಆಮೇಲೆ, "ನಾನಿನ್ನೂ ಊಟ ಮಾಡಿಲ್ಲ ಕಣಮ್ಮ. ಯಾಕೋ ಇಳೀತಿಲ್ಲ. ಆ ಹುಡುಗಿ ಅಳ್ತಿದಾಳಾ? ಇನ್ನು ಬರೋದೇ ಇಲ್ವಾ ನೀವು?"

ನೀಲಗಂಗಾ ಮಗಳ ಊದಿದ ಕಣ್ಣುಗಳನ್ನು ನೋಡಿದಳು. ಅವಳಿಗೆ ಕನಿಕರವಾಯಿತು, ಆದರೆ ದನಿ ಬದಲಾಗಲಿಲ್ಲ.

"ಒಳಗೆ ಎಲೆ ಹಾಕಿ ಕರೀರಿ ಸರ್, ಬರ್ತೀವಿ."