ಸಂದೇಹದ ಟ್ರೇ

ಡಾಕ್ಟರಮ್ಮ ಸ್ಕ್ಯಾನಿನ ಪರದೆಯನ್ನು ಇತ್ತ ತಿರುಗಿಸಿದಾಗ ಪೂಂಗೊಡಿಗೆ ಯಾರೂ ಏನನ್ನೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಒಳಗೆ ಏನೂ ಇಲ್ಲದಿರುವುದು ಹೇಗೆ ಕಾಣುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಗುರುತು ಹಿಡಿಯುವುದಕ್ಕೇ ಅವಳಿಗೆ ಸಂಬಳ ಬರುತ್ತಿತ್ತು.

ನಾಮಕ್ಕಲ್ ಊರಾಚೆಯ ಒಂದು ನಾಟಿಕೋಳಿ ಹ್ಯಾಚರಿಯಲ್ಲಿ ಅವಳು ಮೊಟ್ಟೆ ಪರೀಕ್ಷಿಸುವವಳು. ಮಷೀನಿನಲ್ಲಿ ಒಂದು ವಾರ ಕಾವು ಪಡೆದ ಮೊಟ್ಟೆಗಳನ್ನು ಕತ್ತಲೆ ಕೋಣೆಗೆ ತಂದು ಒಂದೊಂದನ್ನೇ ದೀಪದ ಬಾಯಿಗೆ ಹಿಡಿದು ನೋಡಬೇಕು. ಜೀವವಿದ್ದರೆ ಚಿಪ್ಪಿನೊಳಗೆ ಜೇಡ ಕಾಲು ಚಾಚಿದ ಹಾಗೆ ಕೆಂಪು ನರಗಳು ಹರಡಿರುತ್ತವೆ. ಇಲ್ಲದಿದ್ದರೆ ಬರೀ ಹಳದಿ ಬೆಳಕು. ಅಂಥದ್ದಕ್ಕೆ ಹ್ಯಾಚರಿಯವರು 'ತಿಳಿ' ಎನ್ನುತ್ತಾರೆ. ಜೀವದ ಮೊಟ್ಟೆ ಬಲಗಡೆಯ ಟ್ರೇಗೆ, ತಿಳಿ ಎಡಗಡೆಗೆ. ಚಿಪ್ಪು ದಪ್ಪಗಿದ್ದು, ಬಣ್ಣ ಗಾಢವಾಗಿದ್ದು ಕಣ್ಣಿಗೆ ನಿರ್ಧಾರವಾಗದೆ ಹೋದರೆ ಅದಕ್ಕೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ನಡುವಿನ ಟ್ರೇಗೆ. ಅದು ಸಂದೇಹದ ಟ್ರೇ. ಅದರಲ್ಲಿದ್ದವು ಮತ್ತೆ ಮಷೀನಿಗೆ ಹೋಗಿ, ಕೆಲವು ದಿನ ಬಿಟ್ಟು ಮತ್ತೆ ದೀಪದ ಮುಂದೆ ಬರುತ್ತವೆ. ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದ್ದ ಪೂಂಗೊಡಿಯ ಸಂದೇಹದ ಟ್ರೇ ಸಾಮಾನ್ಯವಾಗಿ ಅರ್ಧವೂ ತುಂಬುತ್ತಿರಲಿಲ್ಲ. ಅವಳಿಗೆ ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು.

ಪರದೆಯ ಮೇಲೆ ಬೂದು ಬಣ್ಣದ ನಡುವೆ ಒಂದು ಕಪ್ಪು ಚೀಲ. ದುಂಡಗೆ, ಅಚ್ಚುಕಟ್ಟಾಗಿ, ಖಾಲಿ.

"ಚೀಲ ಸರಿಯಾದ ಜಾಗದಲ್ಲೇ ಕೂತಿದೆ. ಒಳಗೆ ಮಗು ಇನ್ನೂ ಕಾಣ್ತಿಲ್ಲ," ಎಂದರು ಡಾಕ್ಟರಮ್ಮ. "ಮುಟ್ಟು ಹಿಂದೆ ಮುಂದೆ ಆಗುತ್ತೆ ಅಂದ್ಯಲ್ಲ, ದಿನದ ಲೆಕ್ಕ ತಪ್ಪಿರಬಹುದು. ಬೆಳೀದೆ ನಿಂತಿರಲೂಬಹುದು. ಇವತ್ತು ಹೇಳೋಕಾಗಲ್ಲ. ಎರಡು ವಾರ ಬಿಟ್ಟು ಬಾ. ನಡುವೆ ರಕ್ತ ಕಂಡ್ರೆ, ಹೊಟ್ಟೆನೋವು ಬಂದ್ರೆ ಕಾಯಬೇಡ, ತಕ್ಷಣ ಬಾ."

ಹೊರಗೆ ಬೆಂಚಿನ ಮೇಲೆ ಸರದಿ ಕಾಯುವಾಗ ಪೂಂಗೊಡಿ ಈ ಡಾಕ್ಟರಮ್ಮನ ದನಿಯನ್ನು ಬಾಗಿಲಾಚೆಯಿಂದ ಕೇಳಿದ್ದಳು. ಯಾರೋ ಗರ್ಭಿಣಿಯ ತಾಯಿ, ಎಲ್ಲ ಚೆನ್ನಾಗಿದೆ ಅಂತ ಒಂದು ಮಾತು ಹೇಳಿಬಿಡಿ ತಾಯಿ ಎಂದು ಗೋಗರೆಯುತ್ತಿದ್ದಳು. "ಚೆನ್ನಾಗಿದೆ ಅಂತ ಹೇಳಿಸ್ಕೊಳ್ಳೋಕೆ ಜೋಯಿಸರಿದ್ದಾರೆ, ಅಲ್ಲಿಗೆ ಹೋಗಿ. ನಾನು ಕಂಡದ್ದನ್ನ ಹೇಳೋಳು," ಎಂದು ಒಳಗಿನಿಂದ ಉತ್ತರ ಬಂದಿತ್ತು. ಆಗ ಅವಳಿಗೆ ನಗು ಬಂದಿತ್ತು. ಈಗ ಸೀರೆ ಸರಿಪಡಿಸಿಕೊಂಡು ಹೊರಗೆ ಬರುವಾಗ ಅದೊಂದೂ ನೆನಪಾಗಲಿಲ್ಲ. ಪಾಪ, ನನ್ನ ಮುಖ ನೋಡಿ ಮೆತ್ತಗೆ ಹೇಳಿದ್ದಾರೆ, ಮುಗಿದುಹೋಗಿದೆ ಎಂದುಕೊಂಡಳು.

ಗಂಡ ಕದಿರವನ್ ಬೈಕಿನ ಪಕ್ಕ ನಿಂತಿದ್ದ. ಲಾರಿಗೆ ಬಾಡಿ ಕಟ್ಟುವ ಶೆಡ್ಡಿನಲ್ಲಿ ಬಣ್ಣ ಬಳಿಯುವವನು. ಉಗುರಿನ ಸಂದಿಯಲ್ಲಿ ಯಾವಾಗಲೂ ಹಸಿರೋ ಕೆಂಪೋ ಉಳಿದಿರುತ್ತಿತ್ತು. ಅವಳು ಹೇಳಿದ್ದನ್ನು ಕೇಳಿ ಅವನು ಹೆಲ್ಮೆಟ್ಟನ್ನು ಒರೆಸಿದ.

"ಎರಡು ವಾರ ತಾನೇ? ಬೇಗ ಕಳೆದುಹೋಗುತ್ತೆ ಬಿಡು."

"ಅತ್ತೆಗೆ ಹೇಳಬೇಡಿ ಮಾಮ. ಖಚಿತ ಆಗೋವರೆಗೂ."

"ಪೆರಿಯಾಂಡಿಚ್ಚಿ ಅಮ್ಮನ ಆಣೆ, ಬಾಯಿ ಬಿಡಲ್ಲ," ಎಂದ. ಮನೆದೇವರ ಮೇಲಿನ ಆಣೆ ಅವನ ಬಾಯಲ್ಲಿ ದಿನಕ್ಕೆರಡು ಸಲವಾದರೂ ಬರುತ್ತಿತ್ತು.

ಅವಳು ಅತ್ತೆಯಿಂದ ಮುಚ್ಚಿಟ್ಟದ್ದಕ್ಕೆ ಕಾರಣವಿತ್ತು. ಮದುವೆಯಾದ ಹೊಸದರಲ್ಲಿ ಪಾವಾಯಿ ಸೊಸೆಯ ಕೆಲಸ ಏನೆಂದು ಕೇಳಿ ತಿಳಿದುಕೊಂಡು, "ಕಾವು ಕೂತಿದ್ದನ್ನ ತೆಗೆದು ಬಿಸಾಡೋದಾ? ಇದೇನು ಕೆಲಸ ಅಮ್ಮುಣಿ, ಕೋಳಿ ಶಾಪ ಹಾಕಲ್ವಾ?" ಎಂದಿದ್ದಳು. ಆಮೇಲೆಂದೂ ಆ ಮಾತು ಎತ್ತಿರಲಿಲ್ಲ. ಆದರೆ ಒಮ್ಮೆ ಬಿದ್ದ ಮಾತು ಅಕ್ಕಿಯಲ್ಲಿನ ಕಲ್ಲಿನಂತೆ. ಎಷ್ಟು ಆರಿಸಿದರೂ ಒಂದು ದಿನ ಹಲ್ಲಿಗೆ ಸಿಗುತ್ತದೆ. ಶಾಪಗೀಪ ಪೂಂಗೊಡಿ ನಂಬುವವಳಲ್ಲ. ಮೊಟ್ಟೆಗೂ ತನ್ನ ಹೊಟ್ಟೆಗೂ ಸಂಬಂಧವಿಲ್ಲ ಎಂದು ಯಾರಿಗಾದರೂ ಬರೆದು ತೋರಿಸಬಲ್ಲಳು. ಆದರೂ ಆ ಮಾತನ್ನು ಈಗ ಇನ್ನೊಮ್ಮೆ ಕೇಳುವ ಶಕ್ತಿ ಅವಳಿಗಿರಲಿಲ್ಲ.

ದಿನಗಳು ತೆವಳಿದವು. ವಾಂತಿ ಬರುವುದು ಒಳ್ಳೆಯ ಲಕ್ಷಣವೆಂದು ಎಲ್ಲೋ ಓದಿದ್ದಳು, ಬರಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಕದಿರವನ್ ತಡವಾದ ರೈಲನ್ನು ವಿಚಾರಿಸುವವನಂತೆ ಕೇಳುತ್ತಿದ್ದ: "ಬಂತಾ?"

"ಇಲ್ಲ."

"ಸ್ವಲ್ಪವೂ?"

"ನಿಮ್ಮ ಬನಿಯನ್ ಮೂಸಿ ನೋಡಿದ್ರೂ ಬರಲಿಲ್ಲ ಮಾಮ. ಇನ್ನೇನು ಮಾಡಲಿ?"

ಇಬ್ಬರೂ ನಗುತ್ತಿದ್ದರು. ನಕ್ಕಾದ ಮೇಲೆ ಇಬ್ಬರೂ ಬೇರೆ ಬೇರೆ ಕಡೆ ನೋಡುತ್ತಿದ್ದರು.

ಅದೇ ವಾರದಲ್ಲಿ ಅಡುಗೆಮನೆಯಿಂದ ಮೊಟ್ಟೆ ಮಾಯವಾಯಿತು. ಹ್ಯಾಚರಿಯವರು ವಾರಕ್ಕೊಮ್ಮೆ ಕೊಡುವ ಸೀಳು ಬಿಟ್ಟ ಮೊಟ್ಟೆಗಳನ್ನು ಪೂಂಗೊಡಿ ತಂದಿಟ್ಟರೆ ಪಾವಾಯಿ ಅವನ್ನು ಹಾಗೇ ಪಕ್ಕದ ಮನೆಗೆ ಕೊಟ್ಟುಬಿಟ್ಟಳು.

"ಯಾಕಮ್ಮ, ಮೊಟ್ಟೆ ಕೊಳಂಬು ಮಾಡಲ್ವಾ?" ಎಂದ ಕದಿರವನ್.

"ಬಿಸಿಲು ನೋಡೋ. ಮೊಟ್ಟೆ ಉಷ್ಣ."

"ಹೋದ ಬೇಸಿಗೇಲಿ ದಿನಾ ಹಾಕಿದ್ಯಲ್ಲ. ಆಗ ಸೂರ್ಯ ರಜಾ ಹಾಕಿದ್ನಾ?"

"ಹೋದ ಬೇಸಿಗೆ ಬೇರೆ, ಈ ಬೇಸಿಗೆ ಬೇರೆ. ಹಾಕಿದ್ದು ತಿನ್ನು," ಎಂದು ಪಾವಾಯಿ ಅವನ ತಟ್ಟೆಗೆ ಹೆಸರುಕಾಳಿನ ಸಾರು ಸುರಿದಳು.

ಮೊಟ್ಟೆಗೇ ಹೆಸರಾದ ನಾಮಕ್ಕಲ್ಲಿನ ಮನೆಯಲ್ಲಿ ಮೊಟ್ಟೆಯಿಲ್ಲವೆಂದರೆ ಕಡಲ ದಂಡೆಯಲ್ಲಿ ಉಪ್ಪಿಲ್ಲವೆಂದಂತೆ. ಪೂಂಗೊಡಿ ತಲೆ ತಗ್ಗಿಸಿ ಉಂಡಳು. ಅತ್ತೆಗೆ ಹೇಗೋ ಗೊತ್ತಾಗಿದೆ. ಬಾಯಿಬಿಟ್ಟು ಬೈಯುವ ಬದಲು ಹೀಗೆ ಹೇಳುತ್ತಿದ್ದಾಳೆ: ನಿನ್ನ ಕೈ ಮುಟ್ಟಿದ್ದು ನನ್ನ ಒಲೆಗೆ ಬೇಡ.

ಕತ್ತಲೆ ಕೋಣೆಯಲ್ಲಿ ಅವಳ ಕೈ ಕಣ್ಣಿನ ಮಾತು ಕೇಳದಾಯಿತು. ಮೊಟ್ಟೆಯನ್ನು ದೀಪಕ್ಕೆ ಹಿಡಿಯುವಳು. ತಿಳಿ ಎಂದು ಕಣ್ಣು ಹೇಳುವುದು. ಕೈ ಎಡಗಡೆಗೆ ಹೋಗದು. ಒಂದು ವೇಳೆ ಒಳಗೆ ಜೀವ ಇದ್ದರೆ? ದಿನದ ಲೆಕ್ಕ ತಪ್ಪಿದ್ದರೆ? ಎಲ್ಲವೂ ಒಂದೇ ದಿನ ಮಷೀನಿಗಿಟ್ಟ ಮೊಟ್ಟೆಗಳು, ಲೆಕ್ಕ ತಪ್ಪುವ ಪ್ರಶ್ನೆಯೇ ಇರಲಿಲ್ಲ. ಆದರೂ ಪೆನ್ಸಿಲಿನ ಅಡ್ಡಗೆರೆ ಎಳೆದು ನಡುವಿನ ಟ್ರೇಗೆ ಇಡುವಳು. ಆ ಟ್ರೇ ತುಂಬಿ ಇನ್ನೊಂದು ಬಂತು, ಮತ್ತೊಂದು ಬಂತು. ಮರುಪರೀಕ್ಷೆಗೆ ಬಂದವನ್ನೂ ತೆಗೆಯದೆ ಮತ್ತೆ ಒಳಗೆ ಕಳಿಸಿದಳು.

ಟ್ರೇ ಹೊರುವ ರಾಸಾತ್ತಿ ಸೊಂಟಕ್ಕೆ ಕೈಕೊಟ್ಟು ನಿಂತಳು. "ಏನೇ, ಎಲ್ಲರನ್ನೂ ಪಾಸ್ ಮಾಡ್ತಾ ಇದ್ದೀಯ? ಇದೇನು ಸರ್ಕಾರಿ ಸ್ಕೂಲಾ? ಹೊತ್ತು ಹೊತ್ತು ನನ್ನ ಸೊಂಟ ಬಿತ್ತು."

"ಚಿಪ್ಪು ದಪ್ಪ ಇದೆ ಅಕ್ಕ, ಸರಿಯಾಗಿ ಕಾಣಲ್ಲ."

"ನಿನಗೆ ಕಾಣಲ್ವಾ? ನನ್ನ ಗಂಡನಿಗೆ ಸಾರಾಯಿ ಅಂಗಡಿ ದಾರಿ ಗೊತ್ತಿಲ್ಲ ಅಂದ ಹಾಗಾಯ್ತು."

ಎರಡನೆಯ ವಾರದ ನಡುವೆ ಒಂದು ಮಧ್ಯಾಹ್ನ ಮಷೀನಿನ ಬಾಗಿಲು ತೆಗೆದಾಗ ನಾತ ಮುಖಕ್ಕೆ ಹೊಡೆಯಿತು. ಕಾವಿನಲ್ಲಿ ಕೊಳೆತ ಮೊಟ್ಟೆಯೊಂದು ಒಡೆದು ಸಿಡಿದಿತ್ತು. ಪಕ್ಕದ ಟ್ರೇಗಳಲ್ಲಿದ್ದ ಜೀವದ ಮೊಟ್ಟೆಗಳ ಮೇಲೂ ಹಸಿರುಗಪ್ಪು ಲೋಳೆ. ಚೂರಾದ ಚಿಪ್ಪಿನ ಮೇಲೆ ಅವಳದೇ ಪೆನ್ಸಿಲ್ ಗೆರೆ, ಒಂದಲ್ಲ, ಎರಡು. ಎರಡು ಸಲ ನೋಡಿ ಎರಡು ಸಲವೂ ಉಳಿಸಿದ್ದು.

ರಾಸಾತ್ತಿ ಮೂಗಿಗೆ ಸೆರಗು ಒತ್ತಿಕೊಂಡು ಬಕೆಟ್ ತಂದಳು. ಲೋಳೆ ತಾಗಿದ ಮೊಟ್ಟೆಗಳನ್ನು ಬೇರೆ ಮಾಡುವಾಗ ಪೂಂಗೊಡಿಗೆ ತಾನು ಮಾಡಿದ್ದು ಅರ್ಥವಾಗುತ್ತ ಬಂತು. ಈ ನರ ಹರಡಿದ, ಒಳಗೆ ಮಿಸುಕಾಡುತ್ತಿದ್ದ ಮೊಟ್ಟೆಗಳಲ್ಲಿ ಎಷ್ಟು ಉಳಿಯುತ್ತವೋ ಗೊತ್ತಿಲ್ಲ. ಅವಳ ಕರುಣೆ ಯಾವ ಮೊಟ್ಟೆಯನ್ನೂ ಬದುಕಿಸಿರಲಿಲ್ಲ.

ಮುಖ ತೊಳೆದುಕೊಂಡು ಬಂದು ಅವಳು ದೀಪದ ಮುಂದೆ ಕೂತಳು. ಗೆರೆ ಎಳೆದ ಅಷ್ಟೂ ಮೊಟ್ಟೆಗಳನ್ನು ತರಿಸಿಕೊಂಡು ಮೊದಲಿಂದ ನೋಡಿದಳು. ತಿಳಿ. ತಿಳಿ. ಇದೂ ತಿಳಿ. ಎಲ್ಲವೂ ಅವಳಿಗೆ ಆಗಲೇ ಗೊತ್ತಿದ್ದವೇ. ಹಾಗೆ ನೋಡುತ್ತ ಒಂದು ಗಾಢ ಕಂದು ಮೊಟ್ಟೆ ಕೈಗೆ ಬಂತು. ಮೊದಲ ಸಲ ಒಳಗೆ ನಿಜವಾಗಿಯೂ ಏನೂ ಗೊತ್ತಾಗದೆ ಇದನ್ನು ಪಕ್ಕಕ್ಕಿಟ್ಟಿದ್ದು ನೆನಪಿತ್ತು. ಈಗ ದಪ್ಪ ಚಿಪ್ಪಿನಾಚೆ ಮಬ್ಬು ಕೆಂಪು ನೆರಳೊಂದು ತುಸು ಅಲುಗಿತು.

ಅವಳು ಅದನ್ನು ಬಲಗಡೆಯ ಟ್ರೇಯಲ್ಲಿಟ್ಟು ಕೈ ಮಡಿಲಲ್ಲಿ ಹಾಕಿ ಕೂತಳು. ಸಂದೇಹದ ಟ್ರೇ ಎಂದರೆ ಗೊತ್ತಿದ್ದನ್ನು ಹೇಳಲಾರದೆ ಇಡುವ ಜಾಗವಲ್ಲ. ಗೊತ್ತಿಲ್ಲದ್ದನ್ನು ಇಡುವ ಜಾಗ. ಇಷ್ಟು ದಿನ ಅವಳು ಅವೆರಡನ್ನೂ ಬೆರೆಸಿಬಿಟ್ಟಿದ್ದಳು, ಮತ್ತು ಡಾಕ್ಟರಮ್ಮನೂ ತನ್ನಂತೆಯೇ ಬೆರೆಸಿರಬೇಕೆಂದು ನಂಬಿಬಿಟ್ಟಿದ್ದಳು. ಬಾಗಿಲಾಚೆಯ ದನಿ ಈಗ ನೆನಪಾಯಿತು: ನಾನು ಕಂಡದ್ದನ್ನ ಹೇಳೋಳು. ಆಕೆಗೆ ತಿಳಿ ಎಂದು ಕಂಡಿದ್ದರೆ ತಿಳಿ ಎಂದೇ ಹೇಳುತ್ತಿದ್ದರು. ಹೇಳೋಕಾಗಲ್ಲ ಎಂದಿದ್ದಾರೆ ಅಂದರೆ ಹೇಳೋಕಾಗಲ್ಲ, ಅಷ್ಟೇ. ಅದು ಸಮಾಧಾನದ ಮಾತೂ ಅಲ್ಲ, ತೀರ್ಪೂ ಅಲ್ಲ.

ಇದರಿಂದ ಹೊಟ್ಟೆಯೊಳಗಿನದು ಯಾವುದೂ ಬದಲಾಗಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು. ಆದರೆ ಅಂದು ಸಂಜೆ ಅವಳಿಗೆ ಹಸಿವಾಯಿತು. ಬಸ್‌ಸ್ಟಾಪಿನ ಬಳಿ ಬೇಯಿಸಿದ ಕಡಲೆಕಾಯಿ ಕೊಂಡು ದಾರಿಯುದ್ದಕ್ಕೂ ತಿಂದಳು.

ಎರಡನೆಯ ಸ್ಕ್ಯಾನಿನ ದಿನ ಕದಿರವನ್ ಶೆಡ್ಡಿಗೆ ರಜೆ ಹಾಕಿದ. ಒಳಗೆ ಬರಬಹುದೆಂದು ಡಾಕ್ಟರಮ್ಮ ಹೇಳಿದ ಮೇಲೂ ಅವನು ಬಾಗಿಲಲ್ಲೇ ನಿಂತಿದ್ದ. "ಒಳಗಾದ್ರೂ ಬಾ, ಹೊರಗಾದ್ರೂ ಹೋಗು. ಗಾಳಿ ತಡೀಬೇಡ," ಎಂದು ಅವರು ಗದರಿದ ಮೇಲೆ ಒಳಗೆ ಬಂದು ಗೋಡೆಗೆ ಅಂಟಿಕೊಂಡ.

ಪೂಂಗೊಡಿ ಈ ಸಲ ಪರದೆ ನೋಡಲಿಲ್ಲ. ಡಾಕ್ಟರಮ್ಮನ ಮುಖ ನೋಡಿದಳು. ಆ ಮುಖದಲ್ಲಿ ಏನೂ ತಿಳಿಯಲಿಲ್ಲ. ಕೆಲಸ ಮಾಡುವಾಗ ತನ್ನ ಮುಖವೂ ಹೀಗೇ ಇರುತ್ತದೇನೋ ಅನ್ನಿಸಿತು.

"ನೋಡು," ಎಂದರು ಡಾಕ್ಟರಮ್ಮ.

ಕಪ್ಪು ಚೀಲ ದೊಡ್ಡದಾಗಿತ್ತು. ಅದರ ಒಂದು ಅಂಚಿಗೆ ಅಕ್ಕಿ ಕಾಳಿನಂಥದ್ದೇನೋ ಆತುಕೊಂಡಿತ್ತು. ಅದರ ನಡುವೆ ಒಂದು ಚುಕ್ಕೆ ಮಿಣುಕುತ್ತಿತ್ತು. ಬೇಗ ಬೇಗ, ಯಾರಿಗೂ ಕಾಯದೆ.

"ಎದೆ ಬಡಿತ. ಚೆನ್ನಾಗಿದೆ. ನಿನ್ನ ಲೆಕ್ಕವೇ ತಪ್ಪಿತ್ತು, ಮಗು ಬೆಳೆದಿರೋದನ್ನ ನೋಡಿದ್ರೆ ನೀನು ಹೇಳಿದ್ದಕ್ಕಿಂತ ದಿನ ಕಡಿಮೆ."

ಪೂಂಗೊಡಿ ಚುಕ್ಕೆಯಿಂದ ಕಣ್ಣು ತೆಗೆಯಲಿಲ್ಲ. "ಇನ್ನೂ... ಸಂದೇಹ ಇದೆಯಾ ಡಾಕ್ಟರಮ್ಮ?"

ಡಾಕ್ಟರಮ್ಮ ಅವಳ ಹೊಟ್ಟೆಯ ಮೇಲಿನ ಲೇಪ ಒರೆಸುತ್ತ ಒಂದು ಕ್ಷಣ ಯೋಚಿಸಿದರು. "ಇವತ್ತಿಗೆ ಇಲ್ಲ," ಎಂದರು.

ಜೋಯಿಸರು ನೂರು ವರ್ಷಕ್ಕೆ ಹೇಳುವ ಮಾತಿಗಿಂತ ಆ 'ಇವತ್ತಿಗೆ' ಎಂಬುದು ಪೂಂಗೊಡಿಗೆ ಗಟ್ಟಿಯಾಗಿ ಕಂಡಿತು. ಗೋಡೆಯ ಕಡೆಯಿಂದ ಸೊರಸೊರ ಸದ್ದು ಬಂತು. ಬಣ್ಣದ ವಾಸನೆಗೆ ನೆಗಡಿ ಎಂದ ಕದಿರವನ್.

ಮನೆಗೆ ಬಂದಾಗ ಪಾವಾಯಿ ಜಗಲಿಯ ಮೇಲೆ ಈರುಳ್ಳಿ ಬಿಡಿಸುತ್ತಿದ್ದಳು. ಪೂಂಗೊಡಿ ಅವಳ ಪಕ್ಕದಲ್ಲಿ ಕುಕ್ಕರಿಸಿದಳು.

"ಅತ್ತೆ, ನಿಮಗೊಂದು ಮಾತು ಹೇಳಬೇಕು."

"ಬಡಿತ ಕೇಳಿಸ್ತಾ?" ಎಂದಳು ಪಾವಾಯಿ, ಈರುಳ್ಳಿಯಿಂದ ಕಣ್ಣೆತ್ತದೆ.

ಪೂಂಗೊಡಿ ಗಂಡನತ್ತ ತಿರುಗಿದಳು. ಅವನು ಬೈಕಿನ ಚಕ್ರದಲ್ಲಿ ಗಾಳಿ ಇದೆಯೇ ಎಂದು ಬಹಳ ಆಸಕ್ತಿಯಿಂದ ನೋಡುತ್ತಿದ್ದ.

"ಅವನನ್ನೇನು ನೋಡ್ತೀಯ? ಮೊದಲ ಸಲ ಹೋಗಿ ಬಂದ್ರಲ್ಲ, ಅವತ್ತೇ ಹಿತ್ತಿಲಿಗೆ ಬಂದು ಅತ್ತು ಎಲ್ಲ ಹೇಳಿದ. ಅವನ ಹೊಟ್ಟೇಲಿ ಅನ್ನ ಬಿಟ್ರೆ ಇನ್ನೇನು ನಿಂತಿದೆ ಅಮ್ಮುಣಿ?"

"ಗೊತ್ತಿದ್ದೂ ನೀವು ಒಂದು ಮಾತೂ..."

"ನೀನಾಗಿ ಹೇಳ್ಲಿಲ್ಲ. ನಾನು ಹೇಗೆ ಕೇಳ್ಲಿ? ಕೇಳಿದ್ರೆ ನೀನು ನನಗೂ ಧೈರ್ಯ ಹೇಳೋ ಹಾಗಾಗ್ತಿತ್ತು. ನಿನ್ನ ಹೊರೆ ಸಾಲದಾ?" ಪಾವಾಯಿ ಕೈ ಕೊಡವಿದಳು. "ಪೆರಿಯಾಂಡಿಚ್ಚಿ ಅಮ್ಮನಿಗೆ ಹರಕೆ ಹೊತ್ಕೊಂಡೆ. ಮಗೂದು ಬಡಿತ ಕೇಳೋವರೆಗೂ ಈ ಮನೇಲಿ ಒಂದು ಮೊಟ್ಟೆಯನ್ನೂ ಒಡೆಯಲ್ಲ ಅಂತ. ಉಷ್ಣವಂತೆ ಉಷ್ಣ. ಬಾಯಿಗೆ ಬಂದಿದ್ದು ಹೇಳಿದೆ."

ಪೂಂಗೊಡಿ ಒಂದು ಈರುಳ್ಳಿ ಎತ್ತಿಕೊಂಡು ಸಿಪ್ಪೆ ಸುಲಿದಳು. ಕೊನೆಗೆ, "ನನ್ನ ಕೆಲಸದ ಮೇಲಿನ ಸಿಟ್ಟು ಅಂದ್ಕೊಂಡಿದ್ದೆ ಅತ್ತೆ. ಕೋಳಿ ಶಾಪ ಅಂದಿದ್ರಲ್ಲ," ಎಂದಳು.

"ನಾನಾ? ಯಾವಾಗ?" ಪಾವಾಯಿಗೆ ನಿಜವಾಗಿಯೂ ನೆನಪಿರಲಿಲ್ಲ. "ಅಂದಿರ್ತೀನಿ. ಈ ಬಾಯಿ ಏನೇನು ಅಂದಿಲ್ಲ? ಅದನ್ನೆಲ್ಲ ಕಟ್ಟಿಟ್ಕೊಂಡು ಕೂತಿದ್ಯಾ, ಹುಚ್ಚಿ."

ಎದ್ದು ಪಕ್ಕದ ಮನೆಯ ಕಡೆ ಕೂಗಿದಳು, ಹೋದ ವಾರ ಕೊಟ್ಟಿದ್ದರಲ್ಲಿ ಮೊಟ್ಟೆ ಉಳಿದಿದ್ದರೆ ವಾಪಸು ಕೊಡಿ ಎಂದು. ಕೊಟ್ಟ ದಾನವನ್ನು ಹಿಂದಕ್ಕೆ ಕೇಳುವುದಾ ಎಂದು ಅತ್ತಲಿಂದ ಉತ್ತರ ಬಂತು. ಹಿಂದೆಯೇ ಬಟ್ಟಲಿನಲ್ಲಿ ಮೊಟ್ಟೆಗಳೂ ಬಂದವು.

ಎಣ್ಣೆಯಲ್ಲಿ ಸಾಸಿವೆ ಸಿಡಿಯಿತು. ಸಣ್ಣ ಈರುಳ್ಳಿ, ಅರೆದ ತೆಂಗಿನಕಾಯಿ, ಹುಣಸೆಹುಳಿ ಬಿದ್ದು ಕುದಿ ಬಂದ ಮೇಲೆ ಪಾವಾಯಿ ಮೊದಲ ಮೊಟ್ಟೆಯನ್ನು ಪಾತ್ರೆಯ ಅಂಚಿಗೆ ಕುಟ್ಟಿ ಕೊಳಂಬಿಗೆ ಒಡೆದು ಬಿಟ್ಟಳು. ಆ ವಾಸನೆ ನಡುಮನೆಯನ್ನು ದಾಟಿ ಬಂತು. ಕತ್ತಲೆ ಕೋಣೆಯಲ್ಲಿ, ಕೊಳೆತ ಮೊಟ್ಟೆ ಸಿಡಿದ ಮಷೀನಿನ ಮುಂದೆ, ಗಂಡನ ಬನಿಯನ್ನಿನಲ್ಲಿ ಎಲ್ಲೂ ಬರದಿದ್ದದ್ದು ಪೂಂಗೊಡಿಯ ಗಂಟಲಿಗೆ ಒಮ್ಮೆಲೇ ನುಗ್ಗಿತು. ಅವಳು ಬಾಯಿಗೆ ಕೈ ಅಡ್ಡ ಹಿಡಿದು ಹಿತ್ತಿಲಿಗೆ ಓಡಿದಳು.

ನುಗ್ಗೆ ಮರದ ಬುಡದಲ್ಲಿ ಬಗ್ಗಿ ನಿಂತಾಗ ಹಿಂದಿನಿಂದ ಬಂದ ಪಾವಾಯಿ ಸೊಸೆಯ ಹಣೆಯನ್ನು ಅಂಗೈಯಲ್ಲಿ ಒತ್ತಿ ಹಿಡಿದಳು. ಅವಳ ಕೈಯಲ್ಲಿ ಇನ್ನೂ ಈರುಳ್ಳಿ ವಾಸನೆಯಿತ್ತು.

"ಇಷ್ಟು ದಿನ ಕಾಯಿಸಿ ಈಗ ಬಂದ್ಯಾ?" ಎಂದಳು ಪಾವಾಯಿ, ವಾಂತಿಯನ್ನೇ ಮಾತಾಡಿಸುವವಳಂತೆ. "ಅದೂ ನನ್ನ ಕೊಳಂಬು ಮೂಸಿಯಾ?"

ಅಡುಗೆಮನೆಯ ಬಾಗಿಲಿಗೆ ಬಂದ ಕದಿರವನ್, "ಬಂತಾ?" ಎಂದ.

ಪೂಂಗೊಡಿ ಬಗ್ಗಿದ ಹಾಗೇ ಕೈಯೆತ್ತಿ ಹೌದೆಂದು ಆಡಿಸಿದಳು. ನಗುವಿಗೋ ಓಕರಿಕೆಗೋ ಅವಳ ಬೆನ್ನು ಅದುರುತ್ತಿತ್ತು.

"ಹಾಗಾದ್ರೆ ಇವಳ ಪಾಲಿನ ಮೊಟ್ಟೆಯೂ ನನಗೇ," ಎಂದು ಅವನು ತಟ್ಟೆ ಹುಡುಕಿಕೊಂಡು ಒಳಗೆ ಹೋದ.