ನಾಲ್ಕು ಯಜಮಾನರ ಆವಿಗೆ

ರಝಾಕ್ ಭಾವನ ಶವವಿದ್ದ ಮಯ್ಯತ್ತಿನ ಮಂಚಕ್ಕೆ ಹೆಗಲು ಕೊಡುತ್ತಿದ್ದಂತೆ ಪಕ್ಕದಲ್ಲಿ ಇನ್ನೊಂದು ಹೆಗಲು ತೂರಿ ಬಂತು. ನೋಡಿದರೆ ಉಸಾಮಾ! ಸೌದಿಯ ಹಾಯಿಲ್‌ನ ಹೊರವಲಯದ ಮಡಕೆ ಕಾರ್ಖಾನೆಯನ್ನು ಕಳೆದ ತಿಂಗಳು ಜಿದ್ದಾದ ಕಂಪೆನಿಗೆ ಮಾರಿ, ಕೆಲಸಗಾರರಿಗೆ ಮುಖ ತೋರಿಸದೆ ಹೋಗಿದ್ದ ಅರಬ್ ಯಜಮಾನ.

"ನನ್ನನ್ನು ಎತ್ತಿ ಆಡಿಸಿದವರು ಇವರು," ಎಂದ ಹಿಂದಿಯಲ್ಲಿ.

ಹಿಂದೆ ಹೆಗಲು ಕೊಟ್ಟಿದ್ದ ಲಾರಿ ಚಾಲಕ ಅದ್ದು ಮತ್ತೆ ಅದನ್ನೇ ಹೇಳಿದ: "ಎಂತ ಮಾರಾಯ ಇದು! ಅವತ್ತು ಬೆಳಿಗ್ಗೆ ನನ್ನೊಟ್ಟಿಗೆ ಚಾ ಕುಡಿದ ಜನ!"

ರಝಾಕನಿಗೂ ನಂಬಿಕೆ ಬಂದಿರಲಿಲ್ಲ. ತೀರಿಹೋದ ಪೊಡಿಯಬ್ಬ ಅವನ ಭಾವ, ಅಕ್ಕ ಖತೀಜಮ್ಮನ ಗಂಡ; ಕಾರ್ಖಾನೆಯಲ್ಲಿ ಮಡಕೆ ಸುಡುವ ಆವಿಗೆ ಅವರದೇ ಉಸ್ತುವಾರಿ. ಕಂಪೆನಿಯ ಮ್ಯಾನೇಜರ್ ಬಂದು, "ನಮಗೆ ಬೇಕಾದದ್ದು ಜಾಗ ಮಾತ್ರ, ಆವಿಗೆ ಆರಿಸಿ," ಎಂದಾಗ ಭಾವ "ಆಯ್ತು" ಎಂದು ಗ್ಯಾಸ್ ನಿಲ್ಲಿಸಲು ಬಗ್ಗಿದರು. ಮತ್ತೆ ಏಳಲಿಲ್ಲ.

*

ಆ ಆವಿಗೆಯನ್ನು ಕಟ್ಟಿಸಿದವನು ಒಬ್ಬ ಇಂಗ್ಲೆಂಡಿನವನು. ನೀಲಿ ಬಳ್ಳಿ ಬಿಡಿಸಿದ ತಟ್ಟೆಗಳೆಂದರೆ ಅವನಿಗೆ ಹುಚ್ಚು. ಎಳೆಹರೆಯದ ಪೊಡಿಯಬ್ಬ ಅವನಿಂದಲೇ ಬೆಂಕಿಯ ಹದ ಕಲಿತರು. ಎಲ್ಲ ಮಾರಿ ಹೊರಟ ದಿನ ಅವನು, "ನನ್ನ ಜೊತೆ ಬಾ, ನಮ್ಮೂರಿನಲ್ಲೂ ಕಾರ್ಖಾನೆಗಳಿವೆ," ಎಂದು ಕರೆದನಂತೆ.

"ಒಳಗೆ ಮಾಲು ಬೇಯ್ತಾ ಉಂಟು ಸಾರ್," ಎಂದರಂತೆ ಪೊಡಿಯಬ್ಬ.

ಕಾರ್ಖಾನೆ ಉಸಾಮಾನ ತಂದೆಯ ಕೈಗೆ ಬಂತು. ತಟ್ಟೆ ಹೋಗಿ ಧೂಪದ ಪಾತ್ರೆ ಬಂತು. ಉಸಾಮಾನ ಕಾಲಕ್ಕೆ ಹೋಟೆಲುಗಳ ಹೂಕುಂಡ. ವಾಸದ ಪರವಾನಗಿಯಾದ ಇಕಾಮಾದಲ್ಲಿ ಕಫೀಲನ, ಅಂದರೆ ಯಜಮಾನನ, ಹೆಸರು ಬದಲಾಗುತ್ತಲೇ ಹೋಯಿತು. ಭಾವ ಮಾತ್ರ ಆವಿಗೆ ಬಿಡಲಿಲ್ಲ. ಹೆಂಡತಿ ಮಕ್ಕಳಿದ್ದ ಉಳ್ಳಾಲಕ್ಕೆ ರಜೆಯಲ್ಲಿ ಹೋದರೂ ರಜೆ ಮುಗಿಯುವ ಮೊದಲೇ ಪೆಟ್ಟಿಗೆ ಕಟ್ಟುವರು.

*

ಕಬರ್‌ಸ್ತಾನದಲ್ಲಿ ಉಸಾಮಾ ಕೇಳಿದ, "ಊರಿಗೆ ಯಾಕೆ ಕಳಿಸಲಿಲ್ಲ?"

ರಝಾಕ್ ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡ. ಫೋನಿನಲ್ಲಿ ಸುದ್ದಿ ಕೇಳಿ ಅಕ್ಕ ಕಿರುಚಿಕೊಳ್ಳುತ್ತಾಳೆ ಎಂದುಕೊಂಡಿದ್ದ. ಅವಳು ಒಣ ದನಿಯಲ್ಲಿ ಹೇಳಿದ್ದಳು: "ಅಲ್ಲೇ ಮಣ್ಣು ಮಾಡು ರಝಾಕ್. ಇಲ್ಲಿ ಅವರ ಗುರುತು ಯಾರಿಗುಂಟು? ಪುಳ್ಳಿಗಳಿಗೆ ಫೋಟೋ ತೋರಿಸಿ, ಇವರು ನಿಮ್ಮ ಅಜ್ಜ ಅಂತ ಹೇಳ್ಬೇಕು." ಆ ಮಾತು ಬಡಿದ ಪೆಟ್ಟಿನಿಂದ ಅವನಿನ್ನೂ ಚೇತರಿಸಿಕೊಂಡಿರಲಿಲ್ಲ.

ಮಣ್ಣು ಮುಚ್ಚಿದ ಮೇಲೆ ಅಕ್ಕನದೇ ವಿಡಿಯೋ ಕರೆ ಬಂತು. "ತೋರಿಸು," ಎಂದಳು.

ರಝಾಕ್ ಫೋನಿನ ಹಿಂಬದಿಯ ಕ್ಯಾಮೆರಾ ಒತ್ತಿ ಆ ಕಡೆ ಹಿಡಿದ. ಸಾಲುಸಾಲು ಒಂದೇ ಥರದ ಮಣ್ಣಿನ ದಿಬ್ಬಗಳು. ಹೊಸ ದಿಬ್ಬದ ಪಕ್ಕ ಉಸಾಮಾ ನೆಲದಲ್ಲೇ ಕೂತು, ಬಿಳಿ ಅಂಗಿಯ ತೋಳಿನಲ್ಲಿ ಮುಖ ಮುಚ್ಚಿ ಬಿಕ್ಕುತ್ತಿದ್ದ.

"ಅಷ್ಟು ಅಳುವುದು ಯಾರು?" ಎಂದಳು ಖತೀಜಮ್ಮ.

ರಝಾಕ್ ಫೋನನ್ನು ಅವನ ಕಡೆಗೆ ಇನ್ನಷ್ಟು ಚಾಚಿದ. ಅಕ್ಕ ಇನ್ನೂ ಸರಿಯಾಗಿ ಕಾಣಬೇಕೆಂದು ಬಗ್ಗಿದಳು. ಅವಳ ಮುಖ ಪರದೆಗೆ ಹತ್ತಿರ ಹತ್ತಿರ ಬಂದು, ಕೊನೆಗೆ ಒಂದು ಒದ್ದೆ ಕಣ್ಣಷ್ಟೇ ಉಳಿಯಿತು.